ಬೀಗದಕೈ ಯಾರ್ಯಾರ ಹತ್ತಿರ ಇತ್ತು?

ಕೆಲವು ವರ್ಷಗಳ ಹಿಂದೆ ನಾವೊಂದು ಸುದ್ದಿ ಬರೆದೆವು. ಎರಡು ಕಾಲಂ ಸುದ್ದಿ. ನಮ್ಮ ಭಾಗದ ಒಂದು ಕಚೇರಿಯಲ್ಲಿ ಬೆಳೆ ಪರಿಹಾರದ ಪಟ್ಟಿ ತಿದ್ದಲಾಗಿತ್ತು. ರೈತರೊಬ್ಬರ ಬ್ಯಾಂಕ್ ಖಾತೆ ನಂಬರ್ ಇರಬೇಕಾದ ಕಡೆ ಬೇರೆ ಯಾರದೋ ನಂಬರ್ ಕೂತಿತ್ತು. ಆ ಪಟ್ಟಿ ಇದ್ದದ್ದು ಗುತ್ತಿಗೆ ಮೇಲೆ ಕೆಲಸಕ್ಕಿದ್ದ ಆಪರೇಟರ್ ಹೆಣ್ಣುಮಗಳ ಕಂಪ್ಯೂಟರಿನಲ್ಲಿ. ಆಕೆಯನ್ನು ಕೆಲಸದಿಂದ ತೆಗೆದರು. ಅಧಿಕಾರಿ ಹೇಳಿದ್ದನ್ನೇ ನಾವು ಬರೆದು ಕಳಿಸಿದೆವು. ‘ಆಪರೇಟರ್ ಕೈಚಳಕ’ ಅಂತ ಡೆಸ್ಕಿನವರು ತಲೆಬರಹ ಕೊಟ್ಟರು.

ಆಮೇಲೊಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕಿದಳು. ಬೈಯಲಿಲ್ಲ. ಕೇಳಿದ್ದು ಒಂದೇ ಮಾತು.

“ಸಾರ್, ಆ ಫೋಲ್ಡರ್ ಶೇರ್ ಮಾಡಿಟ್ಟಿದ್ರು. ಆಫೀಸಲ್ಲಿರೋ ಯಾವ ಕಂಪ್ಯೂಟರಲ್ಲಿ ಕೂತ್ರೂ ತೆಗೀಬಹುದಿತ್ತು. ಅದನ್ನ ಯಾಕೆ ಯಾರೂ ನೋಡ್ಲಿಲ್ಲ?”

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಶೇರ್ ಎಂದರೆ ಏನು, ಅದರಲ್ಲಿ ಯಾರಿಗೆ ಏನು ಹಕ್ಕಿತ್ತು ಎಂದು ನೋಡಲು ಬರುತ್ತದೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋದೆವು. ಆಕೆ ಕೇಳಿದ ಪ್ರಶ್ನೆಗೆ ಅರವತ್ತು ವರ್ಷದ ಚರಿತ್ರೆ ಇದೆ ಎಂದು ಆಗ ತಿಳಿಯಿತು. ಅದನ್ನೇ ಇವತ್ತು ನಿಮಗೆ ಹೇಳುತ್ತೇವೆ.

ಶೇರ್ ಅಂದರೆ ಇಷ್ಟೇ

ಒಂದು ಕಚೇರಿಯಲ್ಲಿ ಹತ್ತು ಕಂಪ್ಯೂಟರ್ ಇವೆ ಎಂದುಕೊಳ್ಳಿ. ಹತ್ತಕ್ಕೂ ಕೇಬಲ್ ಎಳೆದು ಜೋಡಿಸಿದ್ದಾರೆ. ಪಟ್ಟಿ ಇರುವುದು ಒಂದರಲ್ಲಿ, ಬೇಕಾಗಿರುವುದು ಹತ್ತೂ ಜನಕ್ಕೆ. ಪ್ರತಿ ಸಲ ಪೆನ್‌ಡ್ರೈವ್ ಹಿಡಿದು ಓಡಾಡುವ ಬದಲು, ಆ ಫೋಲ್ಡರನ್ನು ಉಳಿದವರಿಗೂ ಕಾಣುವಂತೆ ತೆರೆದಿಡುತ್ತಾರೆ. ಇದೇ ಶೇರ್ ಮಾಡುವುದು. ಹೀಗೆ ಫೈಲ್ ಹಂಚುವುದನ್ನೇ ಕೆಲಸ ಮಾಡಿಕೊಂಡಿರುವ ಕಂಪ್ಯೂಟರಿಗೆ ಫೈಲ್ ಸರ್ವರ್ ಎನ್ನುತ್ತಾರೆ.

ತೆರೆದಿಡುವಾಗ ಕಂಪ್ಯೂಟರ್ ತನ್ನೊಳಗೆ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಯಾರು ಬರೀ ಓದಬಹುದು, ಯಾರು ತಿದ್ದಬಹುದು, ಯಾರು ಏನು ಬೇಕಾದರೂ ಮಾಡಬಹುದು ಎಂಬ ಪಟ್ಟಿ. ಪರ್ಮಿಶನ್ ಎಂದರೆ ಇದೇ.

ಊರಿನವರಿಗೆ ಈ ವಿಷಯ ಹೊಸದೇನಲ್ಲ. ಶಾನುಭೋಗರ ಕಾಲದಲ್ಲಿ ಲೆಕ್ಕದ ಪುಸ್ತಕ ಅವರ ಸುಪರ್ದಿನಲ್ಲಿತ್ತು. ಬರೆಯುವವರೂ ಅವರೇ, ತಿದ್ದುವವರೂ ಅವರೇ. ತಪ್ಪಾದರೆ ಯಾರನ್ನು ಕೇಳಬೇಕು ಎಂದು ಊರಿಗೆಲ್ಲ ಗೊತ್ತಿತ್ತು. ಕೇಳುವ ಧೈರ್ಯ ಎಷ್ಟು ಜನಕ್ಕಿತ್ತು ಎನ್ನುವುದು ಬೇರೆ ಮಾತು. 1961ರ ಕಾಯ್ದೆಯಿಂದ ಆ ವಂಶಪಾರಂಪರ್ಯದ ಹುದ್ದೆ ಹೋಯಿತು, ಪುಸ್ತಕ ಸಂಬಳದ ನೌಕರರ ಕೈಗೆ ಬಂತು. ಆಗಲೂ ಪುಸ್ತಕ ಒಂದೇ, ಅದು ಯಾವ ಬೀರುವಿನಲ್ಲಿದೆ ಎಂದು ಕೈ ತೋರಿಸಬಹುದಿತ್ತು. ಕಂಪ್ಯೂಟರಿನಲ್ಲಿ ಹಾಗಲ್ಲ. ಪಟ್ಟಿ ಒಬ್ಬರ ಮೇಜಿನ ಮೇಲಿರುತ್ತದೆ, ತಿದ್ದುವ ಕೈ ಇನ್ನೊಂದು ಕೋಣೆಯಲ್ಲಿರಬಹುದು.

ಮೊದಲ ಪಾಸ್‌ವರ್ಡ್, ಮೊದಲ ಕಳವು

ಕಥೆ ಶುರುವಾಗುವುದು ಅಮೆರಿಕದ ಎಂಐಟಿ ಎಂಬ ವಿದ್ಯಾಸಂಸ್ಥೆಯಲ್ಲಿ. ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬುವಷ್ಟು ದೊಡ್ಡ ಯಂತ್ರ, ಒಂದು ಹೊತ್ತಿಗೆ ಒಬ್ಬರ ಕೆಲಸ. 1961ರಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಅವರ ಜೊತೆಗಾರರು ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವ ಏರ್ಪಾಡು ಮಾಡಿ ತೋರಿಸಿದರು. ಅದರ ಹೆಸರು ಸಿಟಿಎಸ್‌ಎಸ್. ಹಲವರು ಸೇರಿದ ಮೇಲೆ ಒಬ್ಬರ ಫೈಲನ್ನು ಇನ್ನೊಬ್ಬರು ಮುಟ್ಟದಂತೆ ನೋಡಬೇಕಲ್ಲ? ಅದಕ್ಕೇ ಪ್ರತಿಯೊಬ್ಬರಿಗೂ ಒಂದೊಂದು ಪಾಸ್‌ವರ್ಡ್ ಕೊಟ್ಟರು.

ಬೀಗ ಹಾಕಿದ ಮರುವರ್ಷವೇ ಕಳವಾಯಿತು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಯಂತ್ರದಲ್ಲಿ ಸಿಗುತ್ತಿದ್ದ ಸಮಯ ಸಾಲುತ್ತಿರಲಿಲ್ಲ. 1962ರಲ್ಲಿ ಆತ ಪಾಸ್‌ವರ್ಡುಗಳಿದ್ದ ಫೈಲನ್ನೇ ಪ್ರಿಂಟ್ ಮಾಡಿಕೊಡಿ ಎಂದು ರಂಧ್ರದ ಕಾರ್ಡಿನಲ್ಲಿ ಅರ್ಜಿ ಹಾಕಿದ. ಯಂತ್ರ ಮರುಮಾತಿಲ್ಲದೆ ಪ್ರಿಂಟ್ ಮಾಡಿಕೊಟ್ಟಿತು. ತಾನೇ ಮಾಡಿದ್ದು ಎಂದು ಆತ ಒಪ್ಪಿಕೊಂಡದ್ದು ಎಷ್ಟೋ ವರ್ಷಗಳ ನಂತರ.

1966ರಲ್ಲಿ ನಡೆದದ್ದು ಇನ್ನೂ ವಿಚಿತ್ರ. ಯಂತ್ರದ ಉಸ್ತುವಾರಿಯವರಲ್ಲಿ ಒಬ್ಬರು ದಿನದ ಪ್ರಕಟಣೆ ತಿದ್ದುತ್ತಿದ್ದರು. ಅದೇ ಹೊತ್ತಿಗೆ ಇನ್ನೊಬ್ಬರು ಪಾಸ್‌ವರ್ಡ್ ಫೈಲ್ ತಿದ್ದುತ್ತಿದ್ದರು. ಒಂದು ಫೋಲ್ಡರಿನಲ್ಲಿ ಒಂದು ಸಲಕ್ಕೆ ಒಬ್ಬರೇ ತಿದ್ದುತ್ತಾರೆ ಎಂದು ನಂಬಿ ತಂತ್ರಾಂಶ ಬರೆದಿದ್ದರು. ಇಬ್ಬರ ತಾತ್ಕಾಲಿಕ ಫೈಲಿಗೂ ಒಂದೇ ಹೆಸರು ಬಿದ್ದು ಅದು ಇದಾಯಿತು, ಇದು ಅದಾಯಿತು. ಆಮೇಲೆ ಯಂತ್ರಕ್ಕೆ ಲಾಗಿನ್ ಆದವರಿಗೆಲ್ಲ ಪ್ರಕಟಣೆಯ ಬದಲು ಎಲ್ಲರ ಪಾಸ್‌ವರ್ಡೂ ಕಾಣಿಸಿತು.

ಇಲ್ಲಿ ಕಳ್ಳ ಯಾರೂ ಇಲ್ಲ. ಒಂದೇ ಜಾಗಕ್ಕೆ ಇಬ್ಬರು ಕೈ ಹಾಕಬಹುದು ಎಂದು ಯಾರೂ ಎಣಿಸಿರಲಿಲ್ಲ, ಅಷ್ಟೇ.

ಓದು, ಬರೆ, ನಡೆಸು

ಸಿಟಿಎಸ್‌ಎಸ್ ಕಟ್ಟಿದವರು ಅಷ್ಟರಲ್ಲಾಗಲೇ ಮಲ್ಟಿಕ್ಸ್ ಎಂಬ ವ್ಯವಸ್ಥೆ ಕಟ್ಟಲು ಹೊರಟಿದ್ದರು. ಎಂಐಟಿ, ಬೆಲ್ ಲ್ಯಾಬ್ಸ್, ಜನರಲ್ ಎಲೆಕ್ಟ್ರಿಕ್ ಮೂರೂ ಸೇರಿದ್ದ ಕೆಲಸ ಅದು. ಅದರಲ್ಲಿ ಪ್ರತಿ ಫೈಲಿಗೂ ಒಂದು ಹೆಸರುಪಟ್ಟಿ ಇರುತ್ತಿತ್ತು. ಇಂಥವರು ಓದಬಹುದು, ಇಂಥವರು ತಿದ್ದಬಹುದು ಎಂದು ಹೆಸರು ಹಿಡಿದು ಬರೆಯುವ ಪಟ್ಟಿ. ಇವತ್ತು ಕಚೇರಿ ಕಚೇರಿಯ ಸರ್ವರುಗಳಲ್ಲಿ ಇರುವ ಅನುಮತಿ ಪಟ್ಟಿಗೆ ಅದು ಹಿರಿಯಣ್ಣ.

1969ರಲ್ಲಿ ಬೆಲ್ ಲ್ಯಾಬ್ಸ್ ಆ ಕೆಲಸದಿಂದ ಹೊರಗೆ ಬಂತು. ಅಲ್ಲಿನ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮುಂತಾದವರು ಸಣ್ಣ ಯಂತ್ರಕ್ಕೆ ಸರಳವಾದ ಯೂನಿಕ್ಸ್ ಕಟ್ಟಿದರು. ಉದ್ದನೆಯ ಪಟ್ಟಿ ಬಿಟ್ಟು, ಫೈಲಿನ ಒಡೆಯ ಏನು ಮಾಡಬಹುದು, ಒಡೆಯನಲ್ಲದವರು ಏನು ಮಾಡಬಹುದು ಎಂದು ಎರಡೇ ಭಾಗ ಮಾಡಿದರು. ಮುಂದೆ ನಡುವೆ ‘ಗುಂಪು’ ಎಂಬುದೂ ಸೇರಿತು. ಒಡೆಯ, ಗುಂಪು, ಉಳಿದವರು. ಒಬ್ಬೊಬ್ಬರಿಗೂ ಓದು, ಬರೆ, ನಡೆಸು ಎಂಬ ಮೂರು ಹಕ್ಕು. ಒಟ್ಟು ಒಂಬತ್ತು ಗುರುತು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇದೇ ಒಂಬತ್ತು ಗುರುತು ಇವತ್ತಿಗೂ ದುಡಿಯುತ್ತಿವೆ.

ಮೊದಲ ಅಕ್ಷರ ಸಾಕಾಗಿತ್ತು

1980ರ ದಶಕದಲ್ಲಿ ಸಣ್ಣ ಕಂಪ್ಯೂಟರುಗಳು ಮೇಜಿಗೊಂದರಂತೆ ಬಂದವು. ಅವುಗಳ ನಡುವೆ ಫೈಲ್ ಹಂಚಲು ಐಬಿಎಂನ ಬ್ಯಾರಿ ಫೈಗನ್‌ಬಾಮ್ ಒಂದು ಪದ್ಧತಿ ರೂಪಿಸಿದರು. ಎಸ್‌ಎಂಬಿ ಎಂದು ಅದರ ಹೆಸರು. ಮೈಕ್ರೋಸಾಫ್ಟ್ ಅದನ್ನು ಬೆಳೆಸಿತು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿ ಇದೇ ಭಾಷೆ ಆಡುವ ತಂತ್ರಾಂಶವನ್ನು ಯೂನಿಕ್ಸ್ ಯಂತ್ರಗಳಿಗೆ ಬರೆದ. ಮುಂದೆ ಅದಕ್ಕೆ ಬೇರೆ ಹೆಸರು ಇಡಬೇಕಾಗಿ ಬಂದಾಗ ಎಸ್, ಎಂ, ಬಿ ಅಕ್ಷರಗಳಿರುವ ಪದಗಳನ್ನು ಕಂಪ್ಯೂಟರಿನಲ್ಲೇ ಹುಡುಕಿಸಿ ‘ಸಾಂಬಾ’ ಎಂದು ಆರಿಸಿದ. ನಮ್ಮ ಸಾಂಬಾರಿಗೂ ಅದಕ್ಕೂ ಸಂಬಂಧವಿಲ್ಲ.

ಆದರೆ ವಿಂಡೋಸ್ 95, 98 ಯಂತ್ರಗಳಲ್ಲಿ ಮನೆ, ಸಣ್ಣ ಕಚೇರಿಯವರು ಬಳಸುತ್ತಿದ್ದ ಶೇರಿಗೆ ಹೆಸರುಪಟ್ಟಿಯೇ ಇರಲಿಲ್ಲ. ಫೋಲ್ಡರಿಗೆ ಒಂದು ಪಾಸ್‌ವರ್ಡ್, ಅದು ಗೊತ್ತಿದ್ದವರೆಲ್ಲ ಒಳಗೆ. ಬಾಗಿಲ ಮೇಲಿನ ಗೂಡಿನಲ್ಲಿ ಬೀಗದಕೈ ಇಟ್ಟು ಹೊಲಕ್ಕೆ ಹೋದ ಹಾಗೆ. ಬಂದುಹೋದವರು ಯಾರು ಎಂದು ಬೀಗ ಹೇಳಲಾರದು.

ಅದೂ ಗಟ್ಟಿ ಬೀಗ ಆಗಿರಲಿಲ್ಲ. ಪಾಸ್‌ವರ್ಡ್ ಎಷ್ಟು ಅಕ್ಷರ ಉದ್ದ ಎಂದು ಹೇಳುವ ಕೆಲಸವನ್ನು ಬಾಗಿಲು ತಟ್ಟಿದವನಿಗೇ ಬಿಟ್ಟಿದ್ದರು. ‘ಒಂದೇ ಅಕ್ಷರ’ ಎಂದು ಆತ ಹೇಳಿದರೆ ಯಂತ್ರ ಮೊದಲ ಅಕ್ಷರ ಮಾತ್ರ ತಾಳೆ ನೋಡುತ್ತಿತ್ತು. ಒಂದೊಂದೇ ಅಕ್ಷರ ಹಾಕಿ ನೋಡಿದರೆ ಬಾಗಿಲು ತೆರೆಯುತ್ತಿತ್ತು. ಈ ದೋಷವನ್ನು ಮೈಕ್ರೋಸಾಫ್ಟ್ 2000ದ ಅಕ್ಟೋಬರಿನಲ್ಲಿ ಪ್ರಕಟಿಸಿ ಸರಿಪಡಿಸಿತು. ಅಷ್ಟರಲ್ಲಿ ವಿಂಡೋಸ್ 95 ಬಂದು ಐದು ವರ್ಷವಾಗಿತ್ತು.

ಎರಡು ಬಾಗಿಲಿನ ಮನೆ

ದೊಡ್ಡ ಕಚೇರಿಗಳಿಗೆಂದೇ ಮೈಕ್ರೋಸಾಫ್ಟ್ 1993ರಲ್ಲಿ ವಿಂಡೋಸ್ ಎನ್‌ಟಿ ಹೊರತಂದಿತು. ಇದರಲ್ಲಿ ಹೆಸರುಪಟ್ಟಿ ಇತ್ತು. ಅದೂ ಒಂದಲ್ಲ, ಎರಡು.

ಮೊದಲನೆಯದು ಶೇರಿನ ಪಟ್ಟಿ. ಇದು ಬೀದಿ ಬಾಗಿಲು. ಎರಡನೆಯದು ಡಿಸ್ಕಿನಲ್ಲಿರುವ ಫೋಲ್ಡರಿನ ಸ್ವಂತ ಪಟ್ಟಿ. ಇದು ಕೋಣೆಯ ಬಾಗಿಲು. ದೂರದ ಕಂಪ್ಯೂಟರಿನಿಂದ ಬಂದವರು ಎರಡನ್ನೂ ದಾಟಬೇಕು. ಯಾವುದು ಬಿಗಿಯೋ ಅದೇ ನಡೆಯುತ್ತದೆ. ಬೀದಿ ಬಾಗಿಲಲ್ಲಿ ‘ತಿದ್ದಬಹುದು’ ಎಂದಿದ್ದು ಕೋಣೆಯ ಬಾಗಿಲಲ್ಲಿ ‘ಓದಬಹುದು’ ಎಂದಷ್ಟೇ ಇದ್ದರೆ, ಓದಲಷ್ಟೇ ಸಾಧ್ಯ.

ಏರ್ಪಾಡು ಚೆನ್ನಾಗಿಯೇ ಇತ್ತು. ಎಡವಟ್ಟಾದದ್ದು ಒಂದು ಅಭ್ಯಾಸದಲ್ಲಿ. ಹೊಸದಾಗಿ ಶೇರ್ ಮಾಡಿದ ಕೂಡಲೇ ಎನ್‌ಟಿ ಮತ್ತು ವಿಂಡೋಸ್ 2000 ತಾವಾಗಿಯೇ ಬರೆದುಕೊಳ್ಳುತ್ತಿದ್ದ ಸಾಲು ಹೀಗಿತ್ತು: ‘ಎವ್ರಿಒನ್, ಫುಲ್ ಕಂಟ್ರೋಲ್’. ಎಲ್ಲರಿಗೂ, ಎಲ್ಲ ಹಕ್ಕೂ. ಬೇಡವಾದರೆ ನೀವೇ ಹೋಗಿ ತೆಗೆಯಬೇಕು. ಕೆಲಸ ನಡೆಯುತ್ತಿರುವಾಗ ಅದನ್ನು ತೆಗೆಯಲು ಯಾರು ಹೋಗುತ್ತಾರೆ?

2001ರ ಸೆಪ್ಟೆಂಬರ್ 18ರಂದು ನಿಮ್ಡಾ ಎಂಬ ಕಂಪ್ಯೂಟರ್ ಹುಳು ಜಗತ್ತಿನಾದ್ಯಂತ ಹಬ್ಬಿತು. ಇಮೇಲ್ ಮೂಲಕ ಬಂತು, ವೆಬ್‌ಸೈಟುಗಳ ಮೂಲಕ ಬಂತು, ಜೊತೆಗೆ ಕಚೇರಿಯೊಳಗೆ ತೆರೆದಿಟ್ಟ ಶೇರುಗಳ ಮೂಲಕ ಮೇಜಿನಿಂದ ಮೇಜಿಗೆ ಹರಿಯಿತು. ಹೊಕ್ಕ ಯಂತ್ರದ ಡಿಸ್ಕನ್ನು ತಾನೇ ಶೇರ್ ಮಾಡಿ, ‘ಗೆಸ್ಟ್’ ಖಾತೆಯನ್ನು ಯಜಮಾನರ ಗುಂಪಿಗೆ ಸೇರಿಸಿಬಿಡುತ್ತಿತ್ತು. ಮನೆಗೆ ಬಂದ ಅತಿಥಿಗೆ ತಿಜೋರಿ ಕೀಲಿ ಕೊಟ್ಟ ಹಾಗೆ. ವಿಂಡೋಸ್ ಸರ್ವರ್ 2003 ಬರುವ ಹೊತ್ತಿಗೆ ಆ ಹಳೇ ಸಾಲು ಬದಲಾಯಿತು. ಹೊಸ ಶೇರಿಗೆ ‘ಎಲ್ಲರೂ ಓದಬಹುದು’ ಎಂದಷ್ಟೇ ಇರುವಂತೆ ಮಾಡಿದರು. ಆದರೆ ಅದಕ್ಕೂ ಮುಂಚೆ ತೆರೆದಿಟ್ಟ ಬಾಗಿಲುಗಳು ಹಾಗೇ ಉಳಿದವು.

ನಮ್ಮ ಕಡೆಯ ಸಣ್ಣ ಕಚೇರಿಗಳಲ್ಲಿ ಬಹಳ ಕಾಲ ನಡೆದದ್ದು ವಿಂಡೋಸ್ ಎಕ್ಸ್‌ಪಿ. ಅದರಲ್ಲಿ ‘ಸರಳ ಹಂಚಿಕೆ’ ಎಂಬ ಸೌಕರ್ಯವಿತ್ತು. ಅದು ಚಾಲೂ ಇದ್ದರೆ ಕೇಬಲ್ ಮೂಲಕ ಬಂದವರು ಯಾರೇ ಆಗಲಿ, ಯಂತ್ರ ಅವರನ್ನು ‘ಗೆಸ್ಟ್’ ಎಂದೇ ಬರಮಾಡಿಕೊಳ್ಳುತ್ತಿತ್ತು. ಸಾಹೇಬರು ಬಂದರೂ ಗೆಸ್ಟ್, ಜವಾನರು ಬಂದರೂ ಗೆಸ್ಟ್. ಒಂದು ಟಿಕ್ ಹಾಕಿದರೆ ಆ ಗೆಸ್ಟ್ ಫೈಲನ್ನು ತಿದ್ದಲೂಬಹುದಿತ್ತು.

ಪಟ್ಟಿ ಓದುವ ಕೂಲಿಯಾಳು

ಒಂದು ಶೇರಿನ ಪಟ್ಟಿ ನೋಡುವುದು ಕಷ್ಟವಲ್ಲ. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದರೆ ಕಾಣುತ್ತದೆ. ಆದರೆ ಐವತ್ತು ಸರ್ವರ್, ಒಂದೊಂದರಲ್ಲಿ ನಲವತ್ತು ಶೇರ್ ಇದ್ದರೆ? ಎರಡು ಸಾವಿರ ಸಲ ಒತ್ತಬೇಕು. ಮುಗಿಯುವ ಹೊತ್ತಿಗೆ ಮೊದಲು ನೋಡಿದ್ದು ಬದಲಾಗಿರುತ್ತದೆ. ಹಾಗಾಗಿ ಯಾರೂ ನೋಡುತ್ತಿರಲಿಲ್ಲ.

ಇಲ್ಲಿ ನೆರವಿಗೆ ಬಂದದ್ದು ಸ್ಕ್ರಿಪ್ಟ್. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಕೆಲಸದ ಚೀಟಿ. 1990ರ ದಶಕದ ಕೊನೆಗೆ ವಿಂಡೋಸಿನಲ್ಲಿ ವಿಬಿಸ್ಕ್ರಿಪ್ಟ್ ಎಂಬ ಸಣ್ಣ ಭಾಷೆಯಲ್ಲಿ ಇಂಥ ಚೀಟಿ ಬರೆಯುವ ಅನುಕೂಲ ಬಂತು. ದೂರದ ಯಂತ್ರವನ್ನು ಕೂತಲ್ಲಿಂದಲೇ ವಿಚಾರಿಸುವ ಡಬ್ಲ್ಯುಎಂಐ ಎಂಬ ದಾರಿಯೂ ತೆರೆಯಿತು. 2002ರಲ್ಲಿ ಮೈಕ್ರೋಸಾಫ್ಟಿನ ಜೆಫ್ರಿ ಸ್ನೋವರ್ ಇದಕ್ಕಿಂತ ಒಳ್ಳೆಯ ಸಲಕರಣೆ ಬೇಕೆಂದು ಒಂದು ಪ್ರಸ್ತಾವ ಬರೆದರು. ಅದರಿಂದ ಹುಟ್ಟಿದ್ದು 2006ರಲ್ಲಿ ಬಂದ ಪವರ್‌ಶೆಲ್. ವಿಂಡೋಸ್ ಸರ್ವರ್ 2012ರ ವೇಳೆಗೆ ಶೇರಿನ ಪಟ್ಟಿ ಓದಲೆಂದೇ ಅದರಲ್ಲಿ ‘ಗೆಟ್-ಎಸ್‌ಎಂಬಿಶೇರ್‌ಆಕ್ಸೆಸ್’ ಎಂಬ ಒಂದು ಸಾಲಿನ ಆಜ್ಞೆ ಸೇರಿತು.

ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಗೆಳೆಯನೊಬ್ಬ ತನ್ನದೇ ಎರಡು ಯಂತ್ರ ಜೋಡಿಸಿ ಇದನ್ನು ನಮಗೆ ತೋರಿಸಿದ. ಸ್ಕ್ರಿಪ್ಟ್ ಮಾಡುವ ಕೆಲಸ ಜನಗಣತಿಯವರ ಕೆಲಸದ ಹಾಗೆ. ಸರ್ವರುಗಳ ಹೆಸರು ಇರುವ ಚೀಟಿ ಹಿಡಿದು ಹೊರಡುತ್ತದೆ. ಮೊದಲ ಮನೆಗೆ ಹೋಗಿ, ‘ನಿಮ್ಮಲ್ಲಿ ಯಾವ್ಯಾವ ಶೇರ್ ಇವೆ?’ ಎಂದು ಕೇಳುತ್ತದೆ. ಒಂದೊಂದು ಶೇರಿಗೂ, ‘ಯಾರಿಗೆ ಹಕ್ಕಿದೆ, ಎಷ್ಟಿದೆ?’ ಎಂದು ಕೇಳಿ ಬರೆದುಕೊಳ್ಳುತ್ತದೆ. ಮುಂದಿನ ಮನೆಗೆ ಹೋಗುತ್ತದೆ. ಕೊನೆಗೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಜೋಡಿಸಿ ಕೊಡುತ್ತದೆ.

ಹಳೇ ಸ್ಕ್ರಿಪ್ಟಿಗೆ ಉತ್ತರ ಮಾತಿನಲ್ಲಿ ಸಿಗುತ್ತಿರಲಿಲ್ಲ, ಅಂಕಿಯಲ್ಲಿ ಸಿಗುತ್ತಿತ್ತು. 1179817 ಎಂದು ಬಂದರೆ ಓದಲು ಮಾತ್ರ. 1245631 ಎಂದರೆ ತಿದ್ದಲೂ ಬಹುದು. 2032127 ಎಂದರೆ ಪೂರ್ತಿ ಹಕ್ಕು. ಜನರ ಹೆಸರೂ ಯಂತ್ರದೊಳಗೆ ಅಂಕಿಯೇ. ‘ಎಲ್ಲರೂ’ ಎಂಬುದಕ್ಕೆ ಎಸ್-1-1-0 ಎಂಬ ಗುರುತು. ನೌಕರರೊಬ್ಬರ ಖಾತೆ ಅಳಿಸಿದರೂ ಪಟ್ಟಿಯಲ್ಲಿ ಅವರ ಅಂಕಿ ಉಳಿದುಬಿಡುತ್ತದೆ. ಸ್ಕ್ರಿಪ್ಟ್ ಓಡಿಸಿದಾಗ ಹೆಸರಿಲ್ಲದ ಉದ್ದನೆಯ ಅಂಕಿಯೊಂದು ಕಂಡರೆ, ಇಲ್ಲಿದ್ದವರು ಯಾರೋ ಹೋಗಿದ್ದಾರೆ ಎಂದು ತಿಳಿಯಬಹುದು.

ಓದಲು ಬಾರದವರು ಎಡವುವ ಜಾಗಗಳೂ ಇವೆ. ಪಟ್ಟಿ ಇದ್ದು ಅದರಲ್ಲಿ ಒಂದು ಹೆಸರೂ ಇಲ್ಲದಿದ್ದರೆ ಯಾರಿಗೂ ಪ್ರವೇಶವಿಲ್ಲ ಎಂದರ್ಥ. ಪಟ್ಟಿಯೇ ಇಲ್ಲದಿದ್ದರೆ ಎಲ್ಲರಿಗೂ ಪೂರ್ತಿ ಪ್ರವೇಶ ಎಂದರ್ಥ. ಖಾಲಿ ಪುಟ ಬೇರೆ, ಹರಿದುಹೋದ ಪುಟ ಬೇರೆ. ನೋಡುವವರಿಗೆ ಎರಡೂ ‘ಏನೂ ಇಲ್ಲ’ ಎಂದೇ ಕಾಣುತ್ತದೆ.

ಇನ್ನೊಂದು ಗುಂಪಿನ ಸಮಸ್ಯೆ. ಪಟ್ಟಿಯಲ್ಲಿ ‘ಲೆಕ್ಕ ಶಾಖೆ’ ಎಂಬ ಗುಂಪಿನ ಹೆಸರಷ್ಟೇ ಇರುತ್ತದೆ. ಅದರೊಳಗೆ ಇನ್ನೊಂದು ಗುಂಪು, ಅದರೊಳಗೆ ಮತ್ತೊಂದು. ಎಲ್ಲವನ್ನೂ ಬಿಡಿಸದೆ ಎಷ್ಟು ಜನ ಎಂದು ಗೊತ್ತಾಗುವುದಿಲ್ಲ. ಹಾಗೇ ಬೀದಿ ಬಾಗಿಲು ಮಾತ್ರ ನೋಡಿ ತೀರ್ಪು ಹೇಳಬಾರದು, ಕೋಣೆ ಬಾಗಿಲನ್ನೂ ಓದಬೇಕು. ಬೀದಿ ಬಾಗಿಲು ಪೂರ್ತಿ ತೆರೆದು ಕೋಣೆಗೆ ಮಾತ್ರ ಬಿಗಿ ಬೀಗ ಹಾಕುವ ಪದ್ಧತಿಯೂ ಚಾಲ್ತಿಯಲ್ಲಿದೆ. ಹಳೇ ಫ್ಯಾಟ್ ಮಾದರಿಯ ಡಿಸ್ಕಾದರೆ ಕೋಣೆಗೆ ಬಾಗಿಲೇ ಇರುವುದಿಲ್ಲ, ಬೀದಿ ಬಾಗಿಲೊಂದೇ ಗತಿ.

ಒಂದು ಎಚ್ಚರಿಕೆ. ದೂರದ ಸರ್ವರಿನ ಪಟ್ಟಿ ಕೇಳುವವರಿಗೂ ಕೇಳುವ ಹಕ್ಕು ಇರಬೇಕು. ಮಾಲೀಕರ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ಕೈ ಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ತಪ್ಪು. ಇದನ್ನು ಓದಿ ಯಾವ ಹುಡುಗನೂ ಸೊಸೈಟಿಯ ಕಂಪ್ಯೂಟರಿನಲ್ಲಿ ಪ್ರಯೋಗ ಮಾಡಲು ಹೋಗಬೇಡಿ.

ಪಹಣಿಗೆ ಬೆರಳಚ್ಚು

ನಮ್ಮ ರಾಜ್ಯದಲ್ಲೇ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡ ಒಂದು ಕೆಲಸ ಇದೆ. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿದರು. 15 ರೂಪಾಯಿ ಕೊಟ್ಟು ತಾಲ್ಲೂಕು ಕೇಂದ್ರದಲ್ಲಿ ಪಹಣಿ ಪಡೆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಲ್ಲಿ ದಾಖಲೆ ತಿದ್ದುವ ನೌಕರರು ಪಾಸ್‌ವರ್ಡ್ ಒಂದರಿಂದಲೇ ಒಳಹೋಗುವಂತಿರಲಿಲ್ಲ. ಬೆರಳಚ್ಚು ಕೊಡಬೇಕಿತ್ತು. ಪಾಸ್‌ವರ್ಡ್ ಬಾಯಿಂದ ಬಾಯಿಗೆ ಹೋಗುತ್ತದೆ, ಬೆರಳು ಹೋಗುವುದಿಲ್ಲ. ‘ನಾನಲ್ಲ, ನನ್ನ ಪಾಸ್‌ವರ್ಡ್ ಯಾರೋ ಬಳಸಿದರು’ ಎನ್ನಲು ಆಗಬಾರದು ಎಂಬುದೇ ಉದ್ದೇಶ.

ಇದರಿಂದ ಜಮೀನಿನ ತಕರಾರೆಲ್ಲ ಮುಗಿದವು ಎಂದು ನಾವು ಹೇಳುತ್ತಿಲ್ಲ. ಪಹಣಿಯ ಕಾಲಂ ತಪ್ಪಿದ್ದಕ್ಕೆ ಚಪ್ಪಲಿ ಸವೆಸುವವರು ಇವತ್ತಿಗೂ ನಮಗೆ ವಾರಕ್ಕೊಬ್ಬರು ಸಿಗುತ್ತಾರೆ. ಆದರೆ ಪಹಣಿಯ ಬೆಲೆ ಗೊತ್ತಿದ್ದವರು ಯಾರ ಕೈ ಎಂದು ಗುರುತಿಡುವ ಏರ್ಪಾಡು ಮಾಡಿದರು. ಬೆಳೆ ಪರಿಹಾರದ ಪಟ್ಟಿ, ಸಾಲ ಮನ್ನಾ ಪಟ್ಟಿ, ಮನೆ ಮಂಜೂರಾತಿ ಪಟ್ಟಿಗಳ ಬೆಲೆ ಅದಕ್ಕಿಂತ ಕಡಿಮೆಯೇ? ಅವು ಕಚೇರಿಯ ಯಾವ ಮೂಲೆಯ ಯಾವ ಶೇರಿನಲ್ಲಿ ಇರುತ್ತವೆ, ಯಾರು ಕೇಳಿದ್ದಾರೆ?

ಮತ್ತೆ ಬಸ್‌ಸ್ಟ್ಯಾಂಡಿಗೆ

ಇಷ್ಟು ತಿಳಿದ ಮೇಲೆ ಆಕೆಯ ಪ್ರಶ್ನೆಗೆ ನಮ್ಮ ಉತ್ತರ ಇದು.

ಅನುಮತಿ ಪಟ್ಟಿ ಓದಿದ್ದರೆ ಯಾರು ತಿದ್ದಿದರು ಎಂದು ಗೊತ್ತಾಗುತ್ತಿರಲಿಲ್ಲ. ಯಾರಿಗೆ ತಿದ್ದಲು ಸಾಧ್ಯವಿತ್ತು ಎಂದು ಮಾತ್ರ ಗೊತ್ತಾಗುತ್ತಿತ್ತು. ಯಾರು ತಿದ್ದಿದರು ಎಂದು ತಿಳಿಯಲು ಬಂದುಹೋದವರ ದಾಖಲೆ ಇಡುವ ಆಡಿಟ್ ಎಂಬ ಬೇರೆ ಏರ್ಪಾಡನ್ನು ಮೊದಲೇ ಚಾಲೂ ಮಾಡಿರಬೇಕು. ಕಳವಾದ ಮೇಲೆ ಚಾಲೂ ಮಾಡಿದರೆ ಹಿಂದಿನದು ಸಿಗುವುದಿಲ್ಲ.

ಆದರೆ ಆ ಅರ್ಧ ಉತ್ತರವೇ ಆಕೆಯ ಕೆಲಸ ಉಳಿಸುತ್ತಿತ್ತೇನೋ. ಆ ಫೋಲ್ಡರನ್ನು ಕಚೇರಿಯ ಎಲ್ಲರೂ ತಿದ್ದಬಹುದಿತ್ತು ಎಂದು ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲಿಟ್ಟಿದ್ದರೆ, ಪಟ್ಟಿ ಇದ್ದ ಯಂತ್ರ ಆಕೆಯದು ಎಂಬ ಒಂದೇ ಕಾರಣಕ್ಕೆ ಆಕೆಯನ್ನು ಕಳ್ಳಿ ಎನ್ನಲು ಬರುತ್ತಿರಲಿಲ್ಲ. ಆಕೆಯೇ ತಿದ್ದಿದಳೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ. ಆ ದಿನವೂ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಬರೆದವರು ನಾವು.

ತಿದ್ದುಪಡಿ ಹಾಕಿ ಎಂದು ಡೆಸ್ಕಿಗೆ ಫೋನ್ ಮಾಡಿದೆವು. ಹಳೇ ಸುದ್ದಿ, ಬಿಡಿ ಎಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ನಿಮ್ಮೂರಿನ ಸೊಸೈಟಿಯಲ್ಲೋ ಪಂಚಾಯಿತಿಯಲ್ಲೋ ಮುಂದೆ ಯಾವತ್ತಾದರೂ ಕಂಪ್ಯೂಟರಿನಲ್ಲಿದ್ದ ಪಟ್ಟಿ ತಿದ್ದಿದ ದೂರು ಬಂದರೆ, ಸಭೆಯಲ್ಲಿ ಎದ್ದು ಮೂರು ಮಾತು ಕೇಳಿ. ಆ ಫೈಲ್ ಶೇರ್ ಆಗಿತ್ತೇ? ಯಾರ್ಯಾರಿಗೆ ತಿದ್ದುವ ಹಕ್ಕಿತ್ತು, ಆ ಪಟ್ಟಿ ತೋರಿಸಿ. ಬಂದುಹೋದವರ ದಾಖಲೆ ಇಡುತ್ತಿದ್ದಿರೇ? ಉತ್ತರ ಬರುವ ತನಕ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ ಆಪರೇಟರ್ ಹುಡುಗಿಯ ಕಡೆ ಯಾರೂ ಕೈ ತೋರಿಸದಂತೆ ನೋಡಿಕೊಳ್ಳಿ. ನೋಟ್‌ಬುಕ್ ಹಿಡಿದು ಬಂದ ನಮ್ಮಂಥವರು ಅಲ್ಲಿದ್ದರೆ, ಈ ಮೂರನ್ನೂ ಬರೆದುಕೊಂಡಿದ್ದಾರಾ ಎಂದು ಅವರನ್ನೂ ಕೇಳಿ.